ಬಾಯಿಪಾಠ ಕಲಿತ ಟ್ಯಾಂಕು

ಆಮ್ಲ ತುಂಬಿದ ಟ್ಯಾಂಕಿನ ಗೋಡೆಗೆ ಕಿವಿಯಾನಿಸಿ ಇಂದುಮತಿ ಷಟ್ಪದಿಯೊಂದನ್ನು ಹಾಡಿದಳು. ಫೈಬರ್‌ಗ್ಲಾಸ್ ಟ್ಯಾಂಕುಗಳು ಕೇಳಿದ್ದನ್ನು ಸಾಲಿನ ಹಿಂದೆ ಸಾಲು ಮರಳಿ ಹಾಡುತ್ತವೆ. ಒಳಪದರ ಬಿಟ್ಟುಕೊಂಡ ಕಡೆ ದನಿ ನಿಂತುಹೋಗುತ್ತದೆ. ಇಪ್ಪತ್ತು ವರ್ಷದಿಂದ ಅವಳ ತಪಾಸಣೆ ಇಷ್ಟೇ. ಕೊರೆಯುವುದಿಲ್ಲ, ಕೆರೆಯುವುದಿಲ್ಲ.

ಟ್ಯಾಂಕು ಆರೂ ಸಾಲುಗಳನ್ನು ತಪ್ಪಿಲ್ಲದೆ ಒಪ್ಪಿಸಿತು.

"ಪಾಸಾತಲ್ರೀ ಅಕ್ಕಾರ?" ಎಂದ ಆಪರೇಟರ್ ಹುಸೇನಪ್ಪ. ಅವನು ದಿನವಿಡೀ ಕೂರುವುದು ಅದರ ಬುಡದಲ್ಲೇ. ಗೋಡೆ ಒಡೆದರೆ ಆಮ್ಲ ಮೊದಲು ಬೀಳುವುದು ಅವನ ಮೇಲೆ.

"ತಡಿ ಹುಸೇನಪ್ಪ. ಕೊನೀ ಸಾಲು ನಾನು ಹಾಡೋಕಿಂತ ಮೊದಲ ಇದು ಹಾಡಿಬಿಡ್ತು. ಯಾರು ಕಲಿಸ್ಯಾರ ಇದಕ?"

ಹುಸೇನಪ್ಪ ನಾಚಿದ. "ಹೋದ ವರ್ಷ ನೀವು ಹಾಡಿದ್ದು ಮನಸಿಗೆ ಹತ್ತಿತ್ರೀ. ದಿನಾ ಬುತ್ತಿ ಬಿಚ್ಚೋ ಮುಂದ ಹಾಡ್ತೀನಿ. ದೇವರ ಪದ್ಯ, ತಪ್ಪೇನ್ರೀ?"

"ತಪ್ಪೇನಿಲ್ಲ. ಆದ್ರ ಬಾಯಿಪಾಠ ಆದದ್ದನ್ನ ಎದಿ ಒಡದಿದ್ರೂ ಒಪ್ಪಿಸಬಹುದು."

ಅವಳು ಕಣ್ಣು ಮುಚ್ಚಿ, ಯಾರೂ ಕೇಳಿರದ ಪದ್ಯವೊಂದನ್ನು ಅಲ್ಲೇ ಕಟ್ಟತೊಡಗಿದಳು. ಹುಸೇನಪ್ಪನ ಹೆಸರು, ಅವನ ರೊಟ್ಟಿ, ಶೇಂಗಾ ಚಟ್ನಿ ಎಲ್ಲವೂ ಅದರೊಳಗೆ ಬಂದವು. ಹಾಡುತ್ತ ಗೋಡೆಯುದ್ದಕ್ಕೂ ಕಿವಿ ಸರಿಸಿದಳು. ಟ್ಯಾಂಕು ಹೊಸ ಪಾಠ ಕೇಳಿದ ಮಗುವಿನಂತೆ ತೊದಲುತ್ತ ಹಿಂಬಾಲಿಸಿತು. ಹುಸೇನಪ್ಪ ಕೂರುವ ಜಾಗದ ನೇರಕ್ಕೆ ಬಂದಾಗ ಸುಮ್ಮನಾಯಿತು. ಅದೇ ಸಾಲನ್ನು ಮತ್ತೆ ಹಾಡಿದಳು. ಉತ್ತರವಿಲ್ಲ.

"ಇವತ್ತ ಖಾಲಿ ಮಾಡಿಸು," ಎಂದಳು.

ಹುಸೇನಪ್ಪ ಬೆವರು ಒರೆಸಿಕೊಂಡ. "ರಿಪೇರಿ ಆದಮ್ಯಾಲ ಹಾಡಬಹುದೇನ್ರೀ ಇದರ ಮುಂದ?"

"ಹಾಡು. ದಿನಕ್ಕೊಂದು ಹೊಸಾದು ಕಟ್ಟು."