ಪಿಂಚಣಿಯ ಫೋಟೋ

"ಅಣ್ಣಾ, ಅಮ್ಮನ ಹಣೇಲಿರೋ ಕುಂಕುಮ ಒರೆಸ್ಬಿಡಿ. ವಿಧವಾ ಪಿಂಚಣಿಗೆ ಈ ಥರ ಫೋಟೋ ಹಾಕಿದ್ರೆ ಅರ್ಜಿ ವಾಪಸ್ ಬರುತ್ತೆ," ಎಂದ ತೂಬಗೆರೆಯ ಸೈಬರ್ ಅಂಗಡಿಯವನು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಚಲಪತಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಸತ್ತಾಗಿನಿಂದ ಆಧಾರ್ ಸರಿಯಿಲ್ಲ ಅಂತ ಒಬ್ಬರು, ಬ್ಯಾಂಕಿಗೆ ಹೋಗು ಅಂತ ಇನ್ನೊಬ್ಬರು ಅಲೆಸಿ ಅಲೆಸಿ ಅವನ ಚಪ್ಪಲಿ ಸವೆಸಿದ್ದರು. "ಏನ್ ಗುರು, ಮರಣ ಪತ್ರ ಸಾಲ್ದಾ ನಿಮ್ಗೆ? ಹಣೆ ಬೇರೆ ನೋಡ್ಬೇಕಾ?"

"ನನ್ ಮೇಲ್ಯಾಕಣ್ಣಾ ರೇಗ್ತೀರಾ? ಮೇಲಿನವ್ರು ಕೇಳೋದೇ ಹಂಗೆ." ಹಿಂದೆ ನಿಂತವರು ಆಗಲೇ ಗೊಣಗುತ್ತಿದ್ದರು. ಇವತ್ತೂ ಅರ್ಜಿ ಹೋಗದಿದ್ದರೆ ಅಮ್ಮನ ಬಿಪಿ ಮಾತ್ರೆಗೂ ಚಿಕ್ಕಪ್ಪನ ಮುಂದೆ ಕೈಚಾಚಬೇಕು. ಚಲಪತಿ ಬೆರಳಿಗೆ ಎಂಜಲು ಹಚ್ಚಿಕೊಂಡು ಅಮ್ಮ ಮುನಿತಾಯಮ್ಮನ ಹಣೆಯತ್ತ ಕೈ ತಂದ. "ಒಂದ್ನಿಮಿಷ ಕಣಮ್ಮಾ. ಆಮೇಲೆ ಮತ್ತೆ ಇಟ್ಕೊಳ್ವಂತೆ."

ಮುನಿತಾಯಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತಿಥಿ ದಿನ ನಿಮ್ಮತ್ತೆದೀರು ಇದನ್ನ ಅಳಿಸಕ್ಕೆ ಬಂದಾಗ, ಮುಟ್ಟಿದ್ರೆ ಕೈ ಮುರೀತೀನಿ ಅಂದೋನು ನೀನೇ ಅಲ್ವೇನ್ಲಾ?"

ಚಲಪತಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳು ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಕಡೆ ನೆಟ್ಟಗೆ ಕೂತಳು. "ಹಿಂಗೇ ಹೊಡಿಯಪ್ಪಾ."

"ವಾಪಸ್ ಬಂದ್ರೆ ನನ್ನ ಕೇಳ್ಬೇಡಿ ಮತ್ತೆ."

"ಬರ್ಲಿ ಬಿಡು ಗುರು," ಎಂದ ಚಲಪತಿ, ಅಮ್ಮನ ಪಕ್ಕಕ್ಕೆ ಬಂದು ನಿಂತು. "ವಾಪಸ್ ಕಳಿಸಿದೋರ ಮೇಜಿನ ಮುಂದೆ ಇವಳನ್ನ ಹಿಂಗೇ ಕೂರಿಸ್ತೀನಿ. ಒರೆಸೋ ಧೈರ್ಯ ಇದ್ರೆ ಅವ್ರೇ ಎದ್ದು ಬಂದು ಒರೆಸ್ಲಿ. ನೀನು ಹೊಡಿ."