ಅಳಿಲಿನ ನೋಟು

ಬೆಲಾರೂಸ್ ಸ್ವತಂತ್ರವಾದ ಹೊಸದರಲ್ಲಿ ಅಚ್ಚು ಹಾಕಿಸಿದ ನೋಟುಗಳ ಮೇಲೆ ನಾಯಕರ ಮುಖವಿರಲಿಲ್ಲ, ಪ್ರಾಣಿಗಳಿದ್ದವು. ಮೊಲ, ತೋಳ, ಕರಡಿ ಎಲ್ಲವೂ ಅಶ್ವತ್ಥರಾಯರ ಸಂಗ್ರಹದಲ್ಲಿದ್ದವು. ಅಳಿಲಿನದು ಮಾತ್ರ ಸಿಕ್ಕಿರಲಿಲ್ಲ. ಅದು ಗೆಳೆಯ ಜಿನದತ್ತರ ಬಳಿ ಇತ್ತು. ಎಷ್ಟು ಗೋಗರೆದರೂ ಅವರು ಕೊಟ್ಟಿರಲಿಲ್ಲ.

ಜಿನದತ್ತರು ತೀರಿಕೊಂಡ ಸುದ್ದಿ ಬಂದಾಗ ರಾಯರು ನಿಜವಾಗಿಯೂ ಅತ್ತರು. ಆಮೇಲೆ ಮುಖ ತೊಳೆದು, ನೋಟು ಮುದುಡದಂತೆ ಪ್ಲಾಸ್ಟಿಕ್ ಕವರೊಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು.

ಗೆಳೆಯನ ಹೆಂಡತಿ ಪದ್ಮಲತಾ ಅವರ ಎದುರು ಕೂತು ಬಹಳ ಹೊತ್ತು ತೀರಿಹೋದ ಗೆಳೆಯನ ಗುಣಗಾನ ಮಾಡಿದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಈಗ ಕೇಳಬಾರದು, ಆದ್ರೂ... ಅವರ ನೆನಪಿಗೆ ಆ ಅಳಿಲು..."

"ಅಯ್ಯೋ, ಅದಕ್ಕೇನಂತೆ, ತಗೊಳ್ಳಿ" ಎಂದು ಆಕೆ ಒಳಗಿನಿಂದ ನೋಟು ತಂದು ಕೈಗಿತ್ತರು.

ರಾಯರ ಕಣ್ಣು ಮತ್ತೆ ತುಂಬಿತು. "ನೀವು ಬೇಜಾರು ಮಾಡ್ಕೊಳ್ತೀರೇನೋ ಅಂದ್ಕೊಂಡಿದ್ದೆ."

"ಬೇಜಾರೇನು ಬಂತು? ನಿಮ್ಮ ಮನೆಯವರಿಗೆ ಒಂದು ಮಾತು ಹೇಳ್ಬಿಡಿ. ನೀವು ತೀರಿಹೋದ್ಮೇಲೆ ನಿಮ್ಮ ನೋಟಿನ ಆಲ್ಬಮ್ ತಮಗೇ ಕೊಡಬೇಕು ಅಂತ ನಮ್ಮೋರು ಅವರ ಕೈಗೆ ಅಡ್ವಾನ್ಸು ಕೊಟ್ಟಿದ್ರು, ಅದು ವಾಪಸ್ ಬೇಕಾಗಿತ್ತು."