ತೊಟ್ಟಿಲಿದ್ದ ಮನೆ

ಎಡ್ನಾ ಫೋಟೊವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಳು. ಪೋರ್ಚುಗಲ್‌ನ ಮುನ್ನೂರು ವರ್ಷದ ಮನೆಯೊಳಗೆ ಗಂಡ ಪಾಸ್ಕಲ್ ಬರಿಗಾಲಲ್ಲಿ ನಿಂತಿದ್ದ. ಹಿಂದಿನ ಫೋಟೊಗಳ ಮೂರು ಮನೆಗಳಲ್ಲೂ ಹಾಗೆಯೇ. ಗಂಡ, ಮಗಳ ಜೊತೆ ಪ್ರವಾಸ ಹೋಗಲು ರಜೆ ಸಿಗದೆ ಕೊಲ್ಲಿ ದೇಶದ ಅಲ್ ವಕ್ರಾದಲ್ಲೇ ಉಳಿದಿದ್ದ ಅವಳಿಗೆ ಇದು ಅರ್ಥವಾಗಲಿಲ್ಲ.

“ಎಲ್ಲ ಕಡೆ ಡ್ಯಾಡಿ ಬಾಗಿಲಲ್ಲೇ ಶೂ ಬಿಚ್ಚಿದ್ರು ಮಮ್ಮಿ. ಇವೆಲ್ಲ ಈಗ ಮ್ಯೂಸಿಯಂ ಅಂದ್ರೂ ಕೇಳ್ಲಿಲ್ಲ. ಜನ ನಗಾಡ್ತಿದ್ರು, ನಂಗೆ ನಾಚಿಕೆ ಆಯ್ತು,” ಎಂದಳು ಮಗಳು ಕ್ರಿಸ್ಟೀನಾ.

“ಒಂದ್ರಲ್ಲಿ ತೊಟ್ಟಿಲು ಕೂಡ ಹಾಗೇ ಇತ್ತು ಮಾರಾಯ್ತಿ,” ಪಾಸ್ಕಲ್ ಹೆಂಡತಿಗೆ ಮೆಲ್ಲಗೆ ಹೇಳಿದ. “ಮಕ್ಕಳು ಅಂಬೆಗಾಲಿಟ್ಟ ನೆಲ. ಶೂ ಹಾಕ್ಕೊಂಡು ಹೋಗುದು ಹೇಗೆ?”

ಎಡ್ನಾ ಮುಂದಿನ ಫೋಟೊ ನೋಡಿದಳು. ಅದು ಕೊನೆಯ ಮನೆ. ಮಗಳೇ ಒಳಗಿನಿಂದ ಬಾಗಿಲ ಕಡೆ ತಿರುಗಿ ತೆಗೆದದ್ದು. ಹೊರಗಿನ ಕಲ್ಲುಮೆಟ್ಟಿಲ ಮೇಲೆ ಪಾಸ್ಕಲ್‌ನ ಕಪ್ಪು ಶೂ ಇತ್ತು. ಅದಕ್ಕೆ ಒತ್ತಿಕೊಂಡು ಕ್ರಿಸ್ಟೀನಾಳ ಕೆಂಪು ಸ್ಯಾಂಡಲ್.